ಹಿಂಡಿಗೆ ಬೆಲೆ ಬಂತು, ಹಾಡಿಗೆ?

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ತಾಟಿಗೆ ಮೊದಲು ಬೀಳುವುದು ಹಿಂಡಿ. ರೊಟ್ಟಿ ಇನ್ನೂ ಹಂಚಿನ ಮೇಲಿರುತ್ತದೆ, ಪಲ್ಯ ಇನ್ನೂ ಕುದಿಯುತ್ತಿರುತ್ತದೆ. ಅಷ್ಟರಲ್ಲಿ ತಾಟಿನ ಒಂದು ಮಗ್ಗುಲಿಗೆ ಶೇಂಗಾ ಹಿಂಡಿ, ಅದರ ನಡುವೆ ಬೆರಳಿನಿಂದ ಮಾಡಿದ ಕುಣಿ, ಕುಣಿಯಲ್ಲಿ ಹಸಿ ಎಣ್ಣೆ ಇಲ್ಲವೇ ಗಟ್ಟಿ ಮೊಸರು. ಪಕ್ಕದಲ್ಲಿ ಕೆಂಪಖಾರ. ಹೊಲಕ್ಕೆ ಬುತ್ತಿ ಕಟ್ಟಿದರೂ ಇದೇ, ಎಲ್ಲಮ್ಮನ ಗುಡ್ಡಕ್ಕೆ ಹೊರಟರೂ ಇದೇ, ಮಗಳು ಗಂಡನ ಮನೆಗೆ ಹೊರಟು ನಿಂತಾಗ ಗಂಟಿನೊಳಗೆ ಕೂಡುವುದೂ ಇದೇ. ಬೆಂಗಳೂರು, ಪುಣೆಗಳಲ್ಲಿ ಕೆಲಸ ಮಾಡುವ ಹುಡುಗರು ಜಾತ್ರೆಗೆ ಊರಿಗೆ ಬಂದು ವಾಪಸಾಗುವಾಗ ಅವ್ವ ಕೇಳುವ ಕೊನೆಯ ಮಾತು, ‘ಹಿಂಡಿ ಡಬ್ಬಿ ಇಟ್ಕೊಂಡಿಯಿಲ್ಲೋ?’

ಯಾವ ಹಿಂಡಿ ಮೇಲು ಎಂಬ ವಾದಕ್ಕೆ ಈ ಭಾಗದಲ್ಲಿ ಕೊನೆಯಿಲ್ಲ. ಶೇಂಗಾಕ್ಕೆ ಮತ ಹೆಚ್ಚು. ಹದವಾಗಿ ಹುರಿದು, ಸಿಪ್ಪೆ ಕೇರಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರಪುಡಿ ಹಾಕಿ ಕುಟ್ಟಿದರೆ ಕಾಳೇ ತನ್ನ ಎಣ್ಣೆ ಬಿಟ್ಟು ಹಿಂಡಿ ಮುದ್ದೆಗಟ್ಟುತ್ತದೆ. ಎಣಗಾಯಿ ಮಾಡಿದ ದಿನ ಮಾತ್ರ ಗುರೆಳ್ಳಿಗೆ ಎದುರಿಲ್ಲ. ಅದರ ಕಮಟು ವಾಸನೆ ಮತ್ತು ಸಣ್ಣ ಕಹಿ ಬದನೆಕಾಯಿಗೆ ಹೇಳಿ ಮಾಡಿಸಿದ್ದು. ಚಳಿಗಾಲಕ್ಕೆ ಅಗಸಿ, ಹಲ್ಲಿಲ್ಲದ ಮುದುಕರಿಗೂ ಮಕ್ಕಳಿಗೂ ಪುಟಾಣಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪನ್ನು ಹಂಚಿನ ಮೇಲೆ ಬಾಡಿಸಿ ಅಲ್ಲೇ ತಿಕ್ಕಿ ತೆಗೆದ ಹಸಿಖಾರಕ್ಕೆ ಗಡಿಯಾಚೆ ಕೊಲ್ಲಾಪುರದವರು ಠೇಚಾ ಎನ್ನುತ್ತಾರೆ. ನನ್ನ ಮತ ಕೇಳುವುದಾದರೆ ಅದು ರಂಜಕಕ್ಕೆ. ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ಪೇಟೆಗೆ ಬರುವುದು ಚಳಿಗಾಲದಲ್ಲಿ. ತೊಟ್ಟು ಬಿಡಿಸಿ, ಉಪ್ಪು, ಲಿಂಬೆರಸ, ಮೆಂತ್ಯ, ಇಂಗು ಕೂಡಿಸಿ ರುಬ್ಬಿ ಭರಣಿಯಲ್ಲಿಟ್ಟರೆ ದಿನ ಕಳೆದಂತೆ ಹುಳಿಯೇರಿ ಅದರ ಖಾರಕ್ಕೊಂದು ಆಳ ಬರುತ್ತದೆ. ಬಿಸಿ ರೊಟ್ಟಿ, ಬೆಣ್ಣೆ, ರಂಜಕ ಇದ್ದರೆ ಬೇರೆ ಪಲ್ಯ ಕೇಳುವವರಿಲ್ಲ.

ಖಾರದ ವಿಷಯದಲ್ಲಿ ಹುಕ್ಕೇರಿ ತಾಲೂಕಿಗೆ ತನ್ನದೇ ಹೆಸರಿದೆ. ಹಿರಣ್ಯಕೇಶಿ ದಂಡೆಯ ಸಂಕೇಶ್ವರದ ಹೆಸರು ಹೊತ್ತ ಸಂಕೇಶ್ವರಿ ಮೆಣಸಿನಕಾಯಿ ಉದ್ದಕ್ಕೆ, ತೆಳ್ಳಗೆ, ಕೆಂಪಗೆ ಇರುತ್ತದೆ, ಖಾರವೂ ಜೋರು. ಬ್ಯಾಡಗಿಯ ಕಾಯಿ ಸುಕ್ಕು ಸುಕ್ಕು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದ ಮನೆಯ ಖಾರ ಕುಟ್ಟಿಸುವವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಎಂದು ಎರಡನ್ನೂ ಕೂಡಿಸುತ್ತಾರೆ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಂಕೇಶ್ವರಿಯ ಹೆಸರು ಹೆಚ್ಚು ಮೊಳಗುವುದು ಗಡಹಿಂಗ್ಲಜ, ಕೊಲ್ಲಾಪುರದ ಪೇಟೆಗಳಲ್ಲಿ, ಅಲ್ಲಿನ ಮಸಾಲೆಯ ಬೆನ್ನೆಲುಬಾಗಿ. ಹುಟ್ಟಿದೂರಿನ ಹೆಸರು ಪರರಾಜ್ಯದ ಪೇಟೆಯಲ್ಲಿ ಬೆಳೆಯಿತು. ಊರಿನ ಸುತ್ತ ಮಾತ್ರ ಕಾಲುವೆ ನೀರು ಬಂದಂತೆ ಕಬ್ಬು ಹಬ್ಬಿ, ಮೆಣಸಿನಕಾಯಿಯ ಜಾಗ ಕುಗ್ಗುತ್ತ ಹೋಯಿತು.

ಹಿಂಡಿಯ ಕತೆಗೆ ಹಾಡು ಸೇರುವುದು ಒಳ್ಳಿನ ಬಳಿ. ಒಳ್ಳಿಗೆ ಒನಕೆ ಬೀಳುವಾಗ ಹೆಣ್ಣುಮಕ್ಕಳು ಸುಮ್ಮನೆ ಕುಟ್ಟುತ್ತಿರಲಿಲ್ಲ. ಎದುರುಬದುರು ನಿಂತು ಒನಕೆ ಹಾಕುವ ಇಬ್ಬರ ಕೈ ತಪ್ಪದಂತೆ ನೋಡಿಕೊಳ್ಳುತ್ತಿದ್ದದ್ದು ಹಾಡು. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ, ಒನಕೆ ಬೀಳುವ ಏಟೇ ತಾಳ. ಬೀಸುವ ಕಲ್ಲಿನ ಮುಂದೆಯೂ ಹೀಗೇ. ನಸುಕಿನಲ್ಲಿ ಜೋಳ ಬೀಸುವ ಒಂದೆರಡು ತಾಸಿನಲ್ಲಿ ತವರು, ಅತ್ತೆಮನೆ, ಕೂಸು, ಮಳೆ, ಮಲ್ಲಯ್ಯ, ಎಲ್ಲಮ್ಮ ಎಲ್ಲವೂ ತ್ರಿಪದಿಯಾಗಿ ಬಂದು ಹೋಗುತ್ತಿದ್ದವು. ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರ ಸುಮಾರಿಗೆ ‘ಗರತಿಯ ಹಾಡು’ ತಂದರು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಜನಪದ ಹಾಡುಗಳನ್ನು ಸಂಗ್ರಹಿಸಿದರು, ಆ ಧಾಟಿಯನ್ನು ತಮ್ಮ ಕವಿತೆಗೂ ತಂದುಕೊಂಡರು. ಕನ್ನಡ ನವೋದಯದ ಕಾವ್ಯಕ್ಕೆ ಈ ಬೀಸುವ ಕಲ್ಲಿನ ಋಣ ದೊಡ್ಡದು. ಹಾಡಿದ ಹೆಣ್ಣುಮಕ್ಕಳಿಗೆ ಅದರಿಂದ ಏನೂ ಬರಲಿಲ್ಲ. ಆ ಕಾಲದಲ್ಲಿ ಬರಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಕುಟ್ಟುವ ಕೂಲಿಯೇ ಇಲ್ಲದ ಮನೆಗೆಲಸದಲ್ಲಿ ಹಾಡುವ ಕೂಲಿ ಎಲ್ಲಿಂದ ಬರಬೇಕು?

ಆಮೇಲೆ ಗಿರಣಿ ಬಂತು, ಮಿಕ್ಸರ್ ಬಂತು. ಹಿಂಡಿಯೂ ಹಾಡೂ ಒಳ್ಳಿನಿಂದ ಏಕಕಾಲಕ್ಕೆ ಎದ್ದವು. ಅಲ್ಲಿಂದ ಮುಂದೆ ಎರಡರ ದಾರಿ ಬೇರೆಯಾಯಿತು.

ಹಿಂಡಿ ಸ್ತ್ರೀಶಕ್ತಿ ಸಂಘಗಳ ಕೈಗೆ ಬಂತು. ಅಕ್ಕಪಕ್ಕದವರಿಗೆ ಬಟ್ಟಲಲ್ಲಿ ಕೊಡುತ್ತಿದ್ದುದನ್ನು ತಕ್ಕಡಿಗೆ ಹಾಕಲು ನಮ್ಮ ಹೆಣ್ಣುಮಕ್ಕಳಿಗೆ ಮೊದಮೊದಲು ಸಂಕೋಚವಿತ್ತು. ಹಿಂಡಿ ಮಾರುವುದುಂಟೆ, ಕೇಳಿದವರಿಗೆ ಕೊಡುವುದಲ್ಲವೆ ಎಂಬ ಭಾವ. ಆ ಸಂಕೋಚವನ್ನು ದಾಟಿದ್ದು ಲೆಕ್ಕ. ಶೇಂಗಾ ಎಷ್ಟಕ್ಕೆ ತಂದೆವು, ಹುರಿದು ಕೇರಿದ ಮೇಲೆ ಎಷ್ಟು ಉಳಿಯಿತು, ಖಾರ, ಬೆಳ್ಳುಳ್ಳಿ, ಗ್ಯಾಸು, ಪಾಕೀಟು, ಕುಟ್ಟಿದವಳ ದಿನಗೂಲಿ, ಅದರ ಮೇಲೊಂದಿಷ್ಟು ಲಾಭ ಎಂದು ಸಂಘದ ಪುಸ್ತಕದಲ್ಲಿ ಬರೆದಾಗ ಬೆಲೆ ತಾನಾಗಿ ಹುಟ್ಟಿತು. ಈಗ ಕಾಲು ಕಿಲೋ, ಅರ್ಧ ಕಿಲೋ ಪಾಕೀಟಿನ ಮೇಲೆ ಸಂಘದ ಹೆಸರು, ತಯಾರಿಸಿದ ದಿನ, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಎಲ್ಲ ಇರುತ್ತದೆ. ಒಳ್ಳಿನಲ್ಲಿ ಕುಟ್ಟಿದ್ದಕ್ಕೆ ಮಿಕ್ಸರಿನದಕ್ಕಿಂತ ಹೆಚ್ಚು ಬೆಲೆ ಕೊಡುವ ಗಿರಾಕಿಗಳೂ ಇದ್ದಾರೆ. ಮಿಕ್ಸರಿನ ಅಲಗು ಕಾಳನ್ನು ಕತ್ತರಿಸುತ್ತದೆ, ಒನಕೆ ಜಜ್ಜುತ್ತದೆ. ಜಜ್ಜಿದಾಗಲೇ ಎಣ್ಣೆ ಸರಿಯಾಗಿ ಇಳಿಯುವುದು. ಅಂದರೆ ಹಳೆಯ ಶ್ರಮಕ್ಕೇ ಹೊಸ ಬೆಲೆ ಬಂದಿದೆ. ಇದು ಸಣ್ಣ ಗೆಲುವಲ್ಲ.

ಹಾಡಿಗೆ ಇಂಥ ಪುಸ್ತಕ ಯಾರೂ ಬರೆಯಲಿಲ್ಲ.

ಈ ಮಾತು ಮನೆಯೊಳಗಿನ ಹಾಡಿಗಷ್ಟೇ ಹೇಳಿದ್ದಲ್ಲ. ಬಯಲಿನಲ್ಲಿ ಹಾಡಿ ಹೊಟ್ಟೆ ಹೊರೆಯುವವರ ಗತಿಯೂ ಇದೇ. ಈ ಸೀಮೆ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ತವರು. ಅಪರಾಳ ತಮ್ಮಣ್ಣನ ಕೃತಿಗೆ ರಂಗದ ನಡೆ ಕೊಟ್ಟು ಬೆಳೆಸಿದವನು ಕುಲಗೋಡ ತಮ್ಮಣ್ಣ ಎಂದು ಬಲ್ಲವರು ಹೇಳುತ್ತಾರೆ. ಕುಲಗೋಡ ಇರುವುದು ಮೂಡಲಗಿಯ ಬಗಲಲ್ಲಿ. ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮ ಪಾರಿಜಾತದ ಮೇಳ ಕಟ್ಟಿ ಊರೂರು ತಿರುಗಿದಳು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಬಯಲಾಟದ ಲೋಕದಲ್ಲಿ ಹೆಣ್ಣುಮಗಳೊಬ್ಬಳ ಹೆಸರೇ ಆಟದ ಹೆಸರಾಗುವಷ್ಟು ದೊಡ್ಡದಾಯಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಘಟಪ್ರಭೆಯ ದಂಡೆಯ ಆಟ, ಪದ, ಲಾವಣಿಗಳನ್ನು ಕೇಳುತ್ತ ಬೆಳೆದವರು. ‘ಜೋಕುಮಾರಸ್ವಾಮಿ’ ನಾಟಕದ ಜೀವ ಆ ಧಾಟಿಯಲ್ಲಿದೆ. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂದಾಗ ಘೋಡಗೇರಿಯ ಹೆಸರು ದೇಶದ ತುಂಬ ಕೇಳಿಸಿತು. ಕಂಬಾರರಿಗೆ ಆ ಪದಗಳನ್ನು ಕೊಟ್ಟ ಹೆಸರಿಲ್ಲದ ಹಾಡುಗಾರರು ಇಲ್ಲೇ ಬಾಳಿ, ಇಲ್ಲೇ ಮಣ್ಣಾದವರು.

ಹಾಡುಗಾರನ ಗಳಿಕೆ ಮೊದಲು ಹೇಗಿತ್ತು? ಆಟ ಆಡಿಸಬೇಕೆಂದರೆ ಊರಿನ ಹಿರಿಯರು ಮೇಳದ ಮಾಸ್ತರನ ಮನೆಗೆ ಹೋಗಿ ಎಲೆ, ಅಡಿಕೆ, ಒಂದಿಷ್ಟು ಸಂಚಕಾರ ಕೊಟ್ಟು ದಿನ ಗೊತ್ತು ಮಾಡುತ್ತಿದ್ದರು. ಆಟ ಮುಗಿದು ಬೆಳಕು ಹರಿದಾಗ ಬಿದಾಗಿ. ನಡುವೆ ಆಯೇರಿ. ಸತ್ಯಭಾಮೆಯ ಒಂದು ಪದಕ್ಕೆ ಮನಸೋತವನು ಎದ್ದು ಬಂದು ನೋಟು ಕೊಡುತ್ತಿದ್ದ, ಭಾಗವತ ಆಟ ನಿಲ್ಲಿಸಿ ಕೊಟ್ಟವನ ಹೆಸರು, ಊರು, ಕೊಟ್ಟ ಮೊತ್ತವನ್ನು ಕೂಗಿ ಹೇಳುತ್ತಿದ್ದ. ಕೆಲವರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಕಾಳು. ಹಲಗಿ ಬಾರಿಸುವವರಿಗೆ, ಕುಲದ ಕತೆ ಹೇಳುವ ಹೆಳವರಿಗೆ, ಗೊಂದಳ ಹಾಕುವವರಿಗೆ, ಚೌಡಿಕಿ ಹಿಡಿದ ಜೋಗತಿಯರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಧಾನ್ಯ, ಹಳೆ ಸೀರೆ, ಮತ್ತು ಊಟ. ಯಾವ ಊರಿಗೆ ಹೋದರೂ ರೊಟ್ಟಿ, ಹಿಂಡಿ ತಪ್ಪುತ್ತಿರಲಿಲ್ಲ.

ಈ ರೊಟ್ಟಿ, ಹಿಂಡಿಯ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು. ಮೇಳದವರನ್ನು ಮನೆಮನೆಗೆ ಹಂಚಿಕೊಂಡು, ಪಡಸಾಲೆಯಲ್ಲಿ ಕೂಡಿಸಿ, ‘ಇನ್ನೊಂದ ರೊಟ್ಟಿ ಹಾಕಿಸ್ಕೊಳ್ರಿ ಮಾಸ್ತರ, ರಾತ್ರಿಯೆಲ್ಲಾ ಹಾಡೂದೈತಿ’ ಎಂದು ಬಡಿಸಿದ ಊಟದಲ್ಲಿ ಅಂತಃಕರಣವಿತ್ತು. ಈ ಸೀಮೆಯ ಉಪಚಾರ ಸುಳ್ಳಲ್ಲ. ಅದೇ ರಾತ್ರಿ, ಅದೇ ಆಟಕ್ಕೆ ಮುಂಚೆ ಊರ ತುಂಬ ಹಲಗಿ ಬಾರಿಸಿ ಜನ ಕೂಡಿಸಿದವನಿಗೆ ಪಡಸಾಲೆ ಇರಲಿಲ್ಲ. ಅವನು ಹಿತ್ತಲ ಬಾಗಿಲಲ್ಲಿ ನಿಂತು ಸೆರಗೊಡ್ಡಿದ ಹೆಂಡತಿಯ ಜೊತೆ ತಂಗಳು ರೊಟ್ಟಿ, ಮೇಲೊಂದು ಚಮಚ ಹಿಂಡಿ ಇಸಿದುಕೊಂಡು ಹೋಗಬೇಕಿತ್ತು. ಹಲಗಿ ಬಾರಿಸುವುದು ಅವನ ಕಲೆ ಎಂದು ಯಾರೂ ಕರೆಯಲಿಲ್ಲ, ಅವನ ಜಾತಿಯ ಬಿಟ್ಟಿ ಚಾಕರಿ ಎಂದರು. ಒಂದೇ ಒಳ್ಳಿನ ಹಿಂಡಿ ಒಬ್ಬನಿಗೆ ಮಾನವಾಯಿತು, ಇನ್ನೊಬ್ಬನಿಗೆ ಅವಮಾನವಾಯಿತು. ಹಳೆಯ ಕಾಲದಲ್ಲಿ ಕಲಾವಿದರನ್ನು ಊರೇ ಸಾಕುತ್ತಿತ್ತು ಎಂದು ಹಂಬಲಿಸಿ ಬರೆಯುವವರು ಹಿತ್ತಲ ಬಾಗಿಲನ್ನೂ ನೋಡಿ ಬರೆಯಬೇಕು.

ಚೌಡಿಕಿಯ ಕತೆ ಇನ್ನೂ ಕಠಿಣ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೆ ಪಡ್ಲಿಗಿ ಹಿಡಿದು ಜೋಗ ಬೇಡುವುದು, ಚೌಡಿಕಿ ನುಡಿಸಿ ಹಾಡುವುದು ಆಯ್ಕೆಯಾಗಿರಲಿಲ್ಲ, ತಲೆಗೆ ಕಟ್ಟಿದ ಪಾಡಾಗಿತ್ತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾನೂನು ಮಾಡಿತು. ಕಾನೂನು ಕಾಗದದ ಮೇಲಿತ್ತು. ಅದನ್ನು ಊರೊಳಗೆ ತಂದವರಲ್ಲಿ ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮುಖ್ಯವಾದದ್ದು. ಈ ಪದ್ಧತಿಯ ಒಳಗಿಂದಲೇ ಎದ್ದು ಬಂದ ಹೆಣ್ಣುಮಕ್ಕಳೇ ನಡೆಸುವ ಸಂಸ್ಥೆ ಅದು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಜೋಗ ಬೇಡುವುದನ್ನು ಬಿಟ್ಟ ಎಷ್ಟೋ ಮಂದಿ ಹೈನುಗಾರಿಕೆ, ಹೊಲಿಗೆ, ಸಂಘದ ಉಳಿತಾಯಗಳಿಗೆ ಬಂದರು. ಭಿಕ್ಷೆಯಾಗಿದ್ದ ಹಾಡನ್ನು ಕೈಬಿಟ್ಟು ಅವರು ಮೈಮಾನ ಉಳಿಸಿಕೊಂಡದ್ದು ಸರಿಯಾದದ್ದೇ. ಕೂಲಿ ಕೊಟ್ಟು, ಕುರ್ಚಿ ಕೊಟ್ಟು, ಕಲಾವಿದೆ ಎಂದು ಕರೆದು ಹಾಡಿಸುವ ದಾರಿಯೊಂದು ಮೊದಲೇ ಇದ್ದಿದ್ದರೆ, ಹಾಡನ್ನೂ ಮಾನವನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವರಿಗೆ ಸಾಧ್ಯವಾಗುತ್ತಿತ್ತು.

ಈಗಿನ ಲೆಕ್ಕಕ್ಕೆ ಬರೋಣ. ಜಾತ್ರೆಯ ಕಮಿಟಿಯವರು ಬಂದು ಮಾತು ಹಚ್ಚುವಾಗ ಸಾಮಾನ್ಯವಾಗಿ ಮಾತು ಹೀಗೇ ಹೋಗುತ್ತದೆ: ‘ಮಾಸ್ತರ, ಈ ಸಲ ಸ್ವಲ್ಪ ಸಂಭಾಳಿಸ್ಕೋರಿ. ದೇವರ ಕಾರ್ಯ. ಊಟಾ, ವಸ್ತಿ ನಮ್ಮದು.’ ಮಾಸ್ತರ ದೇವರ ಹೆಸರು ಬಂದ ಮೇಲೆ ಜಗ್ಗಾಡುವುದಿಲ್ಲ. ಒಂದು ಆಟಕ್ಕೆ 12,000 ರೂಪಾಯಿಗೆ ಮಾತಾಯಿತು ಎಂದೇ ಹಿಡಿಯಿರಿ. ಹಾರ್ಮೋನಿಯಂ, ತಬಲಾ, ತಾಳ, ವೇಷದವರು ಸೇರಿ ಮೇಳದಲ್ಲಿ 10 ಜನ. ಟೆಂಪೋ ಬಾಡಿಗೆ 3,000 ಹೋಯಿತು. ಬಣ್ಣ, ವೇಷಭೂಷಣ, ವಾದ್ಯದ ರಿಪೇರಿಗೆಂದು 1,000 ತೆಗೆದಿಡಬೇಕು. ಉಳಿದ 8,000ದಲ್ಲಿ ತಲೆಗೆ 800. ರಾತ್ರಿಯಿಡೀ ಆಟ, ಮರುದಿನ ನಿದ್ದೆ, ಅಂದರೆ ಎರಡು ದಿನದ ದುಡಿಮೆ. ದಿನಕ್ಕೆ ಬಿದ್ದದ್ದು 400 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ದಿನಗೂಲಿ 370 ರೂಪಾಯಿ ಇತ್ತು. ಇಪ್ಪತ್ತು, ಮೂವತ್ತು ವರ್ಷ ಕಲಿತು, ಸಾವಿರಾರು ಸಾಲು ಬಾಯಿಪಾಠ ಹಿಡಿದು, ಎಂಥ ಚಳಿಯಲ್ಲೂ ಕಂಠ ಕಾಯ್ದುಕೊಂಡು ಬಂದ ಸತ್ಯಭಾಮೆಗೂ ಕೆರೆಯ ಹೂಳು ಎತ್ತುವ ದಿನಗೂಲಿಗೂ ಅಂತರ 30 ರೂಪಾಯಿ. ಹೂಳು ಎತ್ತುವ ಕೆಲಸ ಕೀಳಲ್ಲ, ಆ ಕೂಲಿಯೂ ಹೆಚ್ಚಬೇಕಾದದ್ದೇ. ಕಲೆಯ ವಿದ್ಯೆಗೆ ಬಿಡಿಗಾಸೂ ಲೆಕ್ಕವಾಗಲಿಲ್ಲ ಎಂಬುದು ನನ್ನ ಕೊರಗು. ಅಂಥ ರಾತ್ರಿಗಳು ವರ್ಷಕ್ಕೆ 30 ಸಿಕ್ಕವೆಂದರೂ ಒಬ್ಬನ ವರ್ಷದ ಗಳಿಕೆ 24,000.

ಹಂಗಾಮು ಬೇರೆ ಚಿಕ್ಕದು. ಸುಗ್ಗಿ ಮುಗಿಯುವ ಹೊತ್ತಿಗೆ ಜಾತ್ರೆಗಳು ಶುರುವಾಗಿ ಮಳೆ ಹಿಡಿಯುವ ತನಕ ನಡೆಯುತ್ತವೆ. ಆಮೇಲೆ ಶ್ರಾವಣದ ಭಜನೆ, ಗಣಪತಿ ಹಬ್ಬ, ಮೊಹರಂ ಬಂದ ತಿಂಗಳಲ್ಲಿ ರಿವಾಯತ್ ಪದ. ಉಳಿದ ದಿನ ಹೊಲ, ಗೌಂಡಿ ಕೆಲಸ, ಕಬ್ಬು ಕಡಿಯುವುದು, ಇಲ್ಲವೇ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ದಿನಗೂಲಿ.

ಜಾತ್ರೆಯ ಪೇಟೆಯೂ ಬದಲಾಗಿದೆ. ಮಿಠಾಯಿ, ಬೆಂಡು ಬತ್ತಾಸು, ಗೋಕಾಕದ ಕರದಂಟು ಇದ್ದ ಕಡೆ ಗೋಬಿ ಮಂಚೂರಿಯ ಗಾಡಿಗಳು ಸಾಲು ಹಿಡಿದು ನಿಂತಿವೆ. ಮಕ್ಕಳಿಗೆ ಈಗ ಕೆಂಪಖಾರ ಎಂದರೆ ಬಾಟಲಿಯ ಸಾಸು. ಗೋಬಿಗೂ ಬೊಂಬಾಯಿ ಮಿಠಾಯಿಗೂ ಹಾಕುವ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಬಣ್ಣಕ್ಕೆಂದೇ ಬೆಳೆದ ಬ್ಯಾಡಗಿ, ಖಾರಕ್ಕೆಂದೇ ಬೆಳೆದ ಸಂಕೇಶ್ವರಿ ಮನೆಯಲ್ಲೇ ಇರುವಾಗ ಬಟ್ಟೆಗೆ ಹಾಕುವ ಬಣ್ಣ ಮಕ್ಕಳ ಹೊಟ್ಟೆಗೆ ಹೋಗಬೇಕಿತ್ತೆ? ಗೋಬಿ ಗಾಡಿಯವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ದುಡಿದು ತಿನ್ನುವವನೇ. ಒಂದು ಮಾತನ್ನು ಮಾತ್ರ ಗಮನಿಸಿ. ಗಾಡಿಯ ಮೇಲೆ ಹಾಫ್ ಎಷ್ಟು, ಫುಲ್ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ‘ದೇವರ ಜಾತ್ರಿ ಐತಿ, ಸ್ವಲ್ಪ ಕಡಿಮಿ ಮಾಡ್ಕೊ’ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮಂಟಪದವನನ್ನೂ ಕೇಳುವುದಿಲ್ಲ, ಜನರೇಟರಿನವನನ್ನೂ ಕೇಳುವುದಿಲ್ಲ, ಡಿಜೆಯವನನ್ನಂತೂ ಕೇಳುವ ಧೈರ್ಯವೇ ಯಾರಿಗೂ ಇಲ್ಲ. ದೇವರ ಹೆಸರಿನ ರಿಯಾಯಿತಿ ಹಾಡುವವನ ಪಾಲಿಗಷ್ಟೇ ಬರುತ್ತದೆ.

ಜನಪದ ಹಾಡು ಸತ್ತಿದೆ ಎಂದು ಯಾರಾದರೂ ಹೇಳಿದರೆ ಅವರನ್ನು ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ರಸ್ತೆಯಲ್ಲಿ ಒಂದು ಸಂಜೆ ನಿಲ್ಲಿಸಬೇಕು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತವೆ, ಒಂದೊಂದರಲ್ಲೂ ಎದೆ ನಡುಗಿಸುವ ಸ್ಪೀಕರು, ಒಂದೊಂದರಲ್ಲೂ ಈ ಭಾಗದ್ದೇ ಜಾನಪದ ಹಾಡು. ಮೊದಲು ಕ್ಯಾಸೆಟ್ ಬಂತು. ಗುರುರಾಜ ಹೊಸಕೋಟೆಯವರ ದನಿ ಉತ್ತರ ಕರ್ನಾಟಕದ ಚಹಾದಂಗಡಿ, ಟೆಂಪೋ, ಮದುವೆ ಹಂದರಗಳನ್ನೆಲ್ಲ ತುಂಬಿತು. ಈಗ ಯೂಟ್ಯೂಬ್. ಬೆಳಗಾವಿ ಜಿಲ್ಲೆಯ ನಿಪನಾಳದ ಮಾಳು ನಿಪನಾಳ ‘ನಾ ಡ್ರೈವರಾ’ ಹಾಡಿನಿಂದ ರಾಜ್ಯದಾದ್ಯಂತ ಹೆಸರಾದರು, 2025ರಲ್ಲಿ ಬಿಗ್ ಬಾಸ್ ಮನೆಯ ತನಕ ಹೋದರು. ಡ್ರೈವರು, ಕಬ್ಬು, ಟ್ರ್ಯಾಕ್ಟರು, ಕೈಕೊಟ್ಟ ಹುಡುಗಿ ಇವೇ ಈ ಹಾಡುಗಳ ಸರಕು. ಇವು ಜಾನಪದವೇ ಅಲ್ಲ ಎಂದು ಹಿರಿಯರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜೋಳ ಬೀಸುವವಳು ಬೀಸುವ ಕಲ್ಲಿನ ಬಗ್ಗೆ ಹಾಡಿದಳು, ಟ್ರ್ಯಾಕ್ಟರ್ ಹೊಡೆಯುವವನು ಟ್ರ್ಯಾಕ್ಟರಿನ ಬಗ್ಗೆ ಹಾಡುತ್ತಾನೆ. ದುಡಿಮೆಯ ಜೊತೆ ಹುಟ್ಟಿದ ಹಾಡಿಗೆ ಇನ್ನೇನು ಹೆಸರು?

ಇದರಲ್ಲಿ ದುಡ್ಡು ಯಾರಿಗೆ ಹೋಗುತ್ತದೆ ಎಂಬುದನ್ನು ನಮ್ಮ ಹುಡುಗರು ತಿಳಿದುಕೊಳ್ಳಬೇಕು. ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡಲು ಚಾನೆಲ್‌ಗೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ತಾಸು ನೋಡಿಕೆ ಬೇಕು, ಇಲ್ಲವೇ 90 ದಿನದಲ್ಲಿ ಕಿರುವಿಡಿಯೊಗಳಿಗೆ 1 ಕೋಟಿ ವೀಕ್ಷಣೆ. ಉದ್ದ ವಿಡಿಯೊಗಳ ಜಾಹೀರಾತು ಹಣದಲ್ಲಿ ನೂರಕ್ಕೆ 55 ಪಾಲು ಚಾನೆಲ್‌ನವರಿಗೆ, ಕಿರುವಿಡಿಯೊಗಳಲ್ಲಿ 45. ಚಾನೆಲ್‌ನವರಿಗೆ ಎಂಬ ಮಾತಿಗೆ ಗೆರೆ ಎಳೆಯಿರಿ. ಹಾಡಿದವನಿಗಲ್ಲ, ಪದ ಕಟ್ಟಿದವನಿಗಲ್ಲ, ಚಾನೆಲ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಸ್ವಂತ ಚಾನೆಲ್ ಕಟ್ಟಿಕೊಂಡ ಕೆಲವರು ಮನೆ ಕಟ್ಟಿಸಿದ್ದಾರೆ, ಕಾರು ಕೊಂಡಿದ್ದಾರೆ, ಅವರನ್ನು ಕಂಡು ನನಗೆ ಹೆಮ್ಮೆ. ಪಾರಿಜಾತದ ಮುದುಕ ಮಾಸ್ತರನ ಪಾಡು ಬೇರೆ. ಯಾರೋ ಬಂದು ಮೊಬೈಲಿನಲ್ಲಿ ಹಿಡಿದು, ತಮ್ಮ ಚಾನೆಲ್‌ಗೆ ಹಾಕಿ, ಲಕ್ಷಗಟ್ಟಲೆ ಜನ ನೋಡಿದರೂ ಅವರ ಮನೆಗೆ ಅದರಿಂದ ಬರುವುದು ‘ಮಾಸ್ತರ, ನಿಮ್ಮ ವಿಡಿಯೊ ಭಾಳ ಓಡಾಕತ್ತೈತಿ’ ಎಂಬ ಸುದ್ದಿ ಮಾತ್ರ.

ಕಾನೂನು ಇವರ ಕಡೆಗಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹಳೆಯ ಜನಪದ ಪದಕ್ಕೆ ಕರ್ತೃ ಇಲ್ಲ, ಆದ್ದರಿಂದ ಕೃತಿಸ್ವಾಮ್ಯವೂ ಇಲ್ಲ, ನಿಜ. ಹಾಡು ಯಾರದೂ ಅಲ್ಲದಿದ್ದರೂ ದನಿ ಒಬ್ಬರದೇ. ಪ್ರದರ್ಶನ ನೀಡಿದ ಕಲಾವಿದರಿಗೆ ಆ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇದೆ ಎಂದು ನಮ್ಮ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಅವರ ಒಪ್ಪಿಗೆಯಿಲ್ಲದೆ ಅದನ್ನು ಹಿಡಿದು ಮಾರುವಂತಿಲ್ಲ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೆ ರಾಯಧನ ಸಲ್ಲಬೇಕು ಎಂದಿತು. ಹೊಸ ಪದ ಕಟ್ಟುವವರಿಗಂತೂ ಅವರ ಜೀವಿತಾವಧಿ, ಆಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಒಂದೇ ಸಲ ಐದೋ ಹತ್ತೋ ಸಾವಿರ ಇಸಿದುಕೊಂಡು, ಓದದೆ ಸಹಿ ಮಾಡಿ, ಎಲ್ಲವನ್ನೂ ಬರೆದುಕೊಡುವ ಅಭ್ಯಾಸದಿಂದ ಕೈತಪ್ಪಿ ಹೋಗುವುದು ಇದೇ ಹಕ್ಕು. ಕಾಗದಕ್ಕೆ ಸಹಿ ಹಾಕುವ ಮುಂಚೆ ಊರಿನ ಒಬ್ಬ ವಕೀಲರಿಗೋ ಮಾಸ್ತರರಿಗೋ ತೋರಿಸಿದರೆ ಸಾಕು, ಅರ್ಧ ಅನ್ಯಾಯ ಅಲ್ಲೇ ನಿಲ್ಲುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. ಜಾನಪದಕ್ಕೆ ಅಕಾಡೆಮಿ ಇದೆ, ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಸರ್ಕಾರಿ ಯೋಜನೆಗಳನ್ನು ಹಳ್ಳಿಗೆ ಹೇಳಲು ವಾರ್ತಾ ಇಲಾಖೆ ಜನಪದ ತಂಡಗಳನ್ನು ಕರೆಯುತ್ತದೆ. ಬಾಗಲಕೋಟೆಯ ಗೊಂದಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದ ಗೊಂದಳಿಗರ ಮನೆಗಳಲ್ಲೆಲ್ಲ ಹಬ್ಬ. ಸಾವಿರಕ್ಕೂ ಹೆಚ್ಚು ಜನರಿಗೆ ಬಿಡಿಗಾಸು ತೆಗೆದುಕೊಳ್ಳದೆ ಹಾಡು ಕಲಿಸಿದ ಜೀವ ಅವರದು. ಆ ಗೌರವ ಅವರಿಗೆ ಸಲ್ಲಲೇಬೇಕಿತ್ತು. ಪದ್ಮ ಪ್ರಶಸ್ತಿಯ ಜೊತೆಗೆ ಹಣವಿಲ್ಲ ಎಂಬುದನ್ನೂ ಓದುಗರು ನೆನಪಿಡಬೇಕು. ಮಾಸಾಶನವೂ ಮುಪ್ಪಿನಲ್ಲಿ ಬರುವುದು, ಅರ್ಜಿ, ದಾಖಲೆ, ಸಂದರ್ಶನಗಳನ್ನು ದಾಟಿ ಬರುವುದು. ಕಾರ್ಯಕ್ರಮ ಮಾಡಿ ತಿಂಗಳುಗಟ್ಟಲೆ ಸಂಭಾವನೆಗೆ ಕಾಯುವುದು ಕಲಾವಿದರ ಬಾಯಲ್ಲಿ ಎಲ್ಲೆಡೆ ಕೇಳುವ ಮಾತು. ಮೂವತ್ತರ ಹರೆಯದಲ್ಲಿ ಮಗುವಿನ ಶಾಲೆಯ ಫೀಸು ಕಟ್ಟಬೇಕಾದ ತಬಲಾದವನಿಗೆ ಮುಪ್ಪಿನ ಮಾಸಾಶನ ಯಾವ ಆಸರೆ? ಅವನು ತಬಲಾ ಮಾರಿ ಪುಣೆಯ ರಸ್ತೆ ಹಿಡಿಯುವುದು ಆ ಹರೆಯದಲ್ಲೇ.

ಹಾಡಿಗೂ ಒಂದು ಪುಸ್ತಕ ಬರೆಯಬೇಕು. ಹಿಂಡಿಯ ಸಂಘದ ಹೆಣ್ಣುಮಕ್ಕಳು ಬರೆದಂಥದ್ದೇ. ಮೇಳದ ಒಬ್ಬೊಬ್ಬರ ದಿನಗೂಲಿ ಎಷ್ಟು, ಕಲಿತ ವಿದ್ಯೆಗೆ ಅದರ ಮೇಲೆ ಎಷ್ಟು, ವಾಹನ, ವಾದ್ಯ, ಬಣ್ಣ, ತಾಲೀಮಿನ ದಿನ, ಮಳೆ ಬಂದು ಆಟ ನಿಂತರೆ ಎಷ್ಟು ಎಂದು ಬರೆದ ದರಪಟ್ಟಿ ಪ್ರತಿ ಮಾಸ್ತರನ ಕೈಯಲ್ಲಿರಬೇಕು. ಮೂರು ತಾಲೂಕುಗಳ ಪಾರಿಜಾತ, ಚೌಡಿಕಿ, ಡೊಳ್ಳು, ಗೀಗೀ, ಹಲಗಿ, ಕರಡಿ ಮಜಲಿನ ತಂಡದವರು ಒಂದು ಕಡೆ ಕೂತು ಇಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗುವುದಿಲ್ಲ ಎಂದು ಮಾತಾಡಿಕೊಳ್ಳಬೇಕು. ಒಂದು ತಂಡವನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ ದರ ಇಳಿಸುವ ಕಮಿಟಿಗಳ ಆಟ ಆಗ ನಡೆಯದು. ಈ ಭಾಗದಲ್ಲಿ ಸಹಕಾರದ ವಿದ್ಯೆ ಹೊಸದಲ್ಲ. ಹುಕ್ಕೇರಿಯ ಜನ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ, ರಾಜ್ಯದಲ್ಲಿ ಬೇರೆಲ್ಲೂ ಇಲ್ಲದಂತೆ, ಊರೂರಿಗೆ ತಾವೇ ಕರೆಂಟು ಹಂಚುತ್ತ ಬಂದವರು. ಕರೆಂಟಿಗೆ ಸಂಘ ಕಟ್ಟಬಲ್ಲವರಿಗೆ ಕಲಾವಿದರ ಸಂಘ ಕಟ್ಟುವುದು ಮೀರಿದ ಕೆಲಸವಲ್ಲ. ಆ ಸಂಘವೇ ಒಂದು ಚಾನೆಲ್ ಮಾಡಿ, ಮೇಳಗಳ ಆಟವನ್ನು ತಾನೇ ಹಿಡಿದು ಹಾಕಿ, ಬಂದ ಹಣವನ್ನು ಹಾಡಿದವರಿಗೆ ಹಂಚಬಹುದು. ವಿಡಿಯೊದ ಕೆಳಗೆ ಹಾರ್ಮೋನಿಯಂ ಯಾರು, ತಬಲಾ ಯಾರು, ಸತ್ಯಭಾಮೆ ಯಾರು, ಅವರ ಊರು ಯಾವುದು ಎಂದು ಬರೆಯಬಹುದು.

ಜಾತ್ರೆಯ ಕಮಿಟಿಯವರಿಗೂ ಒಂದು ಮಾತಿದೆ. ಜಾತ್ರೆ ಮುಗಿದ ಮೇಲೆ ನೀವು ಗುಡಿಯ ಗೋಡೆಗೆ ಜಮಾ-ಖರ್ಚಿನ ಪಟ್ಟಿ ಹಚ್ಚುತ್ತೀರಿ. ಅದರಲ್ಲಿ ಮಂಟಪ, ಲೈಟಿಂಗ್, ಪಟಾಕಿ, ಪ್ರಸಾದ, ಡಿಜೆ ಒಂದೊಂದಕ್ಕೂ ಒಂದೊಂದು ಸಾಲು ಇರುತ್ತದೆ. ಮುಂದಿನ ವರ್ಷದ ಪಟ್ಟಿ ಕೂಡಿಸಲು ಕೂತಾಗ ಆಟದ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಮೇಳದ ಹಣವನ್ನು ಡಿಜೆಯ ಹಣದ ಅರ್ಧಕ್ಕಾದರೂ ಏರಿಸಿರಿ. ಹಲಗಿಯವರ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿ, ಅವರ ಕೈಗೂ ಕೂಲಿ ಕೊಡಿ, ಅವರನ್ನೂ ಪಡಸಾಲೆಯ ಅದೇ ಪಂಕ್ತಿಯಲ್ಲಿ ಕೂಡಿಸಿ. ಊಟ ಹಾಕುವುದನ್ನು ಮಾತ್ರ ಬಿಡಬೇಡಿ. ರೊಟ್ಟಿ, ಎಣಗಾಯಿ, ಗುರೆಳ್ಳ ಹಿಂಡಿ, ಭರಣಿಯಿಂದ ತೆಗೆದ ರಂಜಕ, ಗಟ್ಟಿ ಮೊಸರು ಎಲ್ಲ ಇರಲಿ. ಅದನ್ನು ಲೆಕ್ಕದ ಪಟ್ಟಿಯಲ್ಲಿ ಹಿಡಿಯಬೇಡಿ, ಬಿದಾಗಿಯಿಂದ ಕಳೆಯಲೂ ಬೇಡಿ. ಬೆಳಕು ಹರಿದು ಮೇಳದವರು ಟೆಂಪೋ ಹತ್ತುವ ಮುಂಚೆ ಮಾತಾಡಿದ ಹಣವನ್ನು ಪೂರ್ತಿ ಎಣಿಸಿ ಮಾಸ್ತರರ ಕೈಗೆ ಕೊಟ್ಟು, ಪುಸ್ತಕದಲ್ಲಿ ಅವರ ಸಹಿ ಹಾಕಿಸಿಕೊಳ್ಳಿ.